ಸದಲಗಾದಿಂದ ಕೊಲ್ಲಾಪುರಕ್ಕೆ: ಡಾ. ಆ.ನೇ. ಉಪಾಧ್ಯೆಯವರ ಬಾಳು

ಪದವಿ ಮುಗಿಸಿ ಉದ್ಯೋಗವನ್ನರಸಿ ಪರಭಾಷೆಯ ಊರಿಗೆ ಹೊರಡುವುದು ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಓದಿ ತಿಳಿಯಬೇಕಾದ ಸಂಗತಿಯಲ್ಲ. ಅವರಲ್ಲಿ ಅನೇಕರು ಹಗಲು ಕಚೇರಿಯಲ್ಲಿ ದುಡಿದು ಸಂಜೆ ತರಗತಿಗೆ ಬರುವವರು. ಅನ್ನದ ಭಾಷೆಯೊಂದು, ಮನೆಯ ಭಾಷೆಯೊಂದು ಆದಾಗ ಕನ್ನಡದ ಕೆಲಸಕ್ಕೆ ಎಡೆಯೆಲ್ಲಿ ಎಂಬ ಪ್ರಶ್ನೆಯನ್ನು ಅವರು ಆಗಾಗ ನಮ್ಮ ಮುಂದಿಡುತ್ತಾರೆ. ಈ ಸಂಪುಟಕ್ಕೆ ಒಬ್ಬ ಹಿರಿಯರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದವರು ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು. ಮೇಲಿನ ಪ್ರಶ್ನೆಗೆ ಅವರು ಎಲ್ಲಿಯೂ ಉತ್ತರ ಬರೆದಿಟ್ಟವರಲ್ಲ; ಆದರೆ ಮೂವತ್ತೆರಡು ವರ್ಷ ಒಂದೇ ಊರಿನ ಒಂದೇ ಕಾಲೇಜಿನಲ್ಲಿದ್ದು ಅವರು ಮಾಡಿದ ಕೆಲಸವನ್ನು ನೋಡಿದರೆ ಆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ.

ಉಪಾಧ್ಯೆಯವರು ಹುಟ್ಟಿದ್ದು 1906ರ ಫೆಬ್ರವರಿ 6ರಂದು, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಗೆ ಸೇರಿದ ಸದಲಗಾದಲ್ಲಿ. ದೂಧಗಂಗೆಯ ಬಯಲಿನ ಈ ಊರು ಜೈನ ಒಕ್ಕಲು ಮನೆತನಗಳ ಊರು. (ಮುಂದೆ ಆಚಾರ್ಯ ವಿದ್ಯಾಸಾಗರರಾಗಿ ಉತ್ತರ ಭಾರತದಲ್ಲಿ ಪ್ರಸಿದ್ಧರಾದ ದಿಗಂಬರ ಮುನಿಗಳು 1946ರಲ್ಲಿ ಹುಟ್ಟಿದ್ದೂ ಇಲ್ಲಿಯೇ.) ಉಪಾಧ್ಯೆ ಎಂಬ ಅಡ್ಡಹೆಸರೇ ಹೇಳುವಂತೆ ಅವರದು ಬಸದಿಯ ಪೂಜೆ, ವಿಧಿವಿಧಾನಗಳನ್ನು ನಡೆಸಿಕೊಂಡು ಬಂದ ಪುರೋಹಿತ ಮನೆತನ. ಹೊಲದಲ್ಲಿ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಸದಿಯಲ್ಲಿ ಸಂಸ್ಕೃತ ಪ್ರಾಕೃತಗಳ ಸ್ತೋತ್ರ, ಶಾಲೆಯಲ್ಲಿ ಇಂಗ್ಲಿಷು. ಆ ಭಾಗದ ಹುಡುಗನಿಗೆ ಇಷ್ಟೆಲ್ಲ ಭಾಷೆಗಳು ಪಾಂಡಿತ್ಯದ ಲಕ್ಷಣವಲ್ಲ, ನಿತ್ಯದ ಬದುಕು. ಬಹುಭಾಷಾ ವಿದ್ವಾಂಸರೆಂದು ಅವರನ್ನು ಹೊಗಳುವಾಗ ನಾವು ಮರೆಯುವ ಸಂಗತಿಯಿದು.

ಬೆಳಗಾವಿಯಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ಅವರು ಕಾಲೇಜಿನಲ್ಲಿ ಸಂಸ್ಕೃತದೊಂದಿಗೆ ಅರ್ಧಮಾಗಧಿಯನ್ನು ಆರಿಸಿಕೊಂಡರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪ್ರಾಕೃತ ವಿದ್ವಾಂಸರಾದ ಪ.ಲ. ವೈದ್ಯರ ಶಿಷ್ಯತ್ವ ದೊರೆಯಿತು. 1928ರಲ್ಲಿ ಬಿ.ಎ. ಆನರ್ಸ್, 1930ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಎಂ.ಎ. ಇದರ ನಡುವೆ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪರಿಚಯವಾಯಿತು. ಮಹಾಭಾರತದ ಸಂಶೋಧಿತ ಆವೃತ್ತಿಯ ಕಾರ್ಯ ಅಲ್ಲಿ ನಡೆಯುತ್ತಿದ್ದ ಕಾಲವದು. ಹಸ್ತಪ್ರತಿಗಳನ್ನು ಕುಲಗಳಾಗಿ ವಿಂಗಡಿಸುವುದು, ಪಾಠಾಂತರಗಳನ್ನು ತೂಗಿ ನೋಡುವುದು, ಪ್ರತಿಯೊಂದು ನಿರ್ಣಯಕ್ಕೂ ಕಾರಣ ಕೊಡುವುದು ಪುಣೆಯ ವಿದ್ವದ್ವಲಯದ ವ್ರತವಾಗಿತ್ತು. ಉಪಾಧ್ಯೆಯವರು ಅಲ್ಲಿಂದ ಹೊತ್ತು ತಂದದ್ದು ಪದವಿಗಿಂತ ಹೆಚ್ಚಾಗಿ ಈ ವ್ರತವನ್ನೇ.

ಅದೇ 1930ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಅಧ್ಯಾಪಕರ ಹುದ್ದೆ ಅವರಿಗೆ ದೊರೆಯಿತು. ವಯಸ್ಸು ಇಪ್ಪತ್ತನಾಲ್ಕು.

ಸದಲಗಾದಿಂದ ಕೊಲ್ಲಾಪುರ ನಾಲ್ವತ್ತು ಐವತ್ತು ಕಿಲೋಮೀಟರಿಗಿಂತ ದೂರವಲ್ಲ. ಆ ಸೀಮೆಯ ಜನಕ್ಕೆ ಅದು ಅಂಬಾಬಾಯಿಯ ಕ್ಷೇತ್ರ, ಭಟ್ಟಾರಕರ ಮಠದ ಊರು, ಬೆಲ್ಲದ ಪೇಟೆ. ಆದರೆ ಜಾತ್ರೆಗೆ ಹೋಗಿ ಬರುವುದು ಬೇರೆ, ಸಂಬಳಕ್ಕಾಗಿ ಮನೆ ಹಿಡಿದು ನಿಲ್ಲುವುದು ಬೇರೆ. ಕೊಲ್ಲಾಪುರ ಆಗ ಸಂಸ್ಥಾನದ ರಾಜಧಾನಿ. ದರಬಾರಿನ, ಕಚೇರಿಯ, ರಂಗಭೂಮಿಯ, ಪತ್ರಿಕೆಯ ಭಾಷೆ ಮರಾಠಿ. ಶಾಹು ಮಹಾರಾಜರ ಕಾಲದಲ್ಲಿ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗೆಂದು ಸ್ಥಾಪಿತವಾದ ವಸತಿಗೃಹಗಳಿಂದಾಗಿ ಸುತ್ತಣ ಹಳ್ಳಿಗಳ ಹುಡುಗರು ಅಲ್ಲಿಗೆ ಓದಲು ಬರುತ್ತಿದ್ದರು. 1901ರಲ್ಲಿ ಆರಂಭವಾದ ಜೈನ ಬೋರ್ಡಿಂಗು ಅವುಗಳಲ್ಲೊಂದು. ಹಾಗೆ ಬಂದವರಲ್ಲಿ ಕನ್ನಡ ಮನೆಮಾತಿನವರೂ ಇದ್ದರು. ಊರು ಅವರಿಗೆ ವಿದ್ಯೆ ಕೊಟ್ಟಿತು, ನೌಕರಿ ಕೊಟ್ಟಿತು. ಅವರ ಮನೆಮಾತನ್ನು ಕೇಳುವ ಕಾರಣ ಆ ಊರಿಗೆ ಇರಲಿಲ್ಲ.

ಹಾಗೆಂದು ಕೊಲ್ಲಾಪುರ ಕನ್ನಡಕ್ಕೆ ಹೊರಗಿನ ನೆಲವೇ? ಶಿಲಾಹಾರರ ಕಾಲದ ಕನ್ನಡ ಶಾಸನಗಳು ಆ ಊರಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇವೆ. ನಿಂಬದೇವ ಸಾಮಂತ ಕಟ್ಟಿಸಿದ ರೂಪನಾರಾಯಣ ಬಸದಿ, ಅದರ ಆಚಾರ್ಯ ಮಾಘನಂದಿ ಸೈದ್ಧಾಂತಿಕರು, ಅವರ ಶಿಷ್ಯಪರಂಪರೆಯನ್ನು ನೆನೆಯುವ ಶ್ರವಣಬೆಳಗೊಳದ ಶಾಸನಗಳು, ಶಿಲಾಹಾರರ ಆಶ್ರಯದಲ್ಲಿ ನೇಮಿನಾಥಪುರಾಣವನ್ನು ಬರೆದ ಕರ್ಣಪಾರ್ಯ: ಇವೆಲ್ಲ ಕನ್ನಡ ಸಾಹಿತ್ಯ ಚರಿತ್ರೆಯ ಪುಟಗಳೇ. ಇಪ್ಪತ್ತನೆಯ ಶತಮಾನದ ಕೊಲ್ಲಾಪುರದಲ್ಲಿ ಈ ಕನ್ನಡ ನಾಲಗೆಯ ಮೇಲೆ ಇರಲಿಲ್ಲ, ಕಲ್ಲಿನ ಮೇಲೆ ಮತ್ತು ಓಲೆಗರಿಯ ಮೇಲೆ ಇತ್ತು. ಅದನ್ನು ಓದಬಲ್ಲವರು ಬೇಕಾಗಿದ್ದರು. ಅಂಥ ಇಬ್ಬರು ರಾಜಾರಾಮ ಕಾಲೇಜಿನಲ್ಲಿ ಕೂಡಿದ್ದು ನಮ್ಮ ಸುದೈವ. ಒಬ್ಬರು ಉಪಾಧ್ಯೆ, ಇನ್ನೊಬ್ಬರು ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರು. ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದವರು ಕುಂದಣಗಾರರು. ಮುಂದೆ 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅವರೂ 1967ರ ಶ್ರವಣಬೆಳಗೊಳ ಸಮ್ಮೇಳನಕ್ಕೆ ಉಪಾಧ್ಯೆಯವರೂ ಅಧ್ಯಕ್ಷರಾದರು. ಕನ್ನಡನಾಡಿನ ಹೊರಗಣ ಒಂದೇ ಕಾಲೇಜಿನ ಇಬ್ಬರು ಅಧ್ಯಾಪಕರಿಗೆ ಈ ಗೌರವ ಸಂದದ್ದನ್ನು ನಮ್ಮ ಸಾಹಿತ್ಯ ಚರಿತ್ರೆಕಾರರು ಸಾಕಷ್ಟು ಗಮನಿಸಿಲ್ಲ.

ಉಪಾಧ್ಯೆಯವರು ಕಲಿಸಬೇಕಾದದ್ದು ಅರ್ಧಮಾಗಧಿ. ಅವರ ಹುದ್ದೆಗೂ ಕನ್ನಡಕ್ಕೂ ಸಂಬಂಧವಿರಲಿಲ್ಲ. ಈ ಸ್ಥಿತಿಯಲ್ಲಿ ಒಬ್ಬ ಕನ್ನಡಿಗನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಹುದ್ದೆಯ ವಿಷಯವನ್ನೇ ನೆಚ್ಚಿ ಕನ್ನಡವನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಒಂದು. ಹುದ್ದೆಯನ್ನು ಹೊಟ್ಟೆಪಾಡೆಂದು ಬಗೆದು ಬಿಡುವಿನಲ್ಲಿ ಕನ್ನಡದ ಕೆಲಸ ಮಾಡುವುದು ಇನ್ನೊಂದು. ಉಪಾಧ್ಯೆಯವರು ಎರಡನ್ನೂ ಹಿಡಿಯಲಿಲ್ಲ. ತಮ್ಮ ಹುದ್ದೆಯ ವಿಷಯವನ್ನೇ ಆಳವಾಗಿ ಅಗೆದರೆ ಅದರ ತಳದಲ್ಲಿ ಕನ್ನಡವಿದೆ ಎಂಬುದನ್ನು ಅವರು ಬಹು ಬೇಗ ಕಂಡುಕೊಂಡರು. ದಿಗಂಬರ ಪರಂಪರೆಯ ಪ್ರಾಕೃತ ಗ್ರಂಥಗಳಲ್ಲಿ ಬಹಳಷ್ಟನ್ನು ಓದಿ, ಟೀಕೆ ಬರೆದು, ನಕಲು ಮಾಡಿ ಉಳಿಸಿದವರು ಕನ್ನಡನಾಡಿನ ಆಚಾರ್ಯರು ಮತ್ತು ಲಿಪಿಕಾರರು. ಕನ್ನಡ ಲಿಪಿಯನ್ನೂ ಕನ್ನಡ ಟೀಕೆಯನ್ನೂ ಓದಲಾರದ ಪ್ರಾಕೃತ ಪಂಡಿತ ಅರ್ಧ ಕುರುಡನೇ ಸರಿ.

1935ರಲ್ಲಿ ಪ್ರಕಟವಾದ ಕುಂದಕುಂದಾಚಾರ್ಯರ ಪ್ರವಚನಸಾರದ ಆವೃತ್ತಿ ಈ ತಿಳಿವಿನ ಮೊದಲ ದೊಡ್ಡ ಫಲ. ಇಂಗ್ಲಿಷಿನಲ್ಲಿ ಬರೆದ ಅದರ ಸುದೀರ್ಘ ಪ್ರಸ್ತಾವನೆಯಲ್ಲಿ ಕುಂದಕುಂದರ ಕಾಲ, ಕೃತಿಗಳು, ಭಾಷೆ, ಸಿದ್ಧಾಂತ ಇವೆಲ್ಲದರ ವಿವೇಚನೆಯಿದೆ. ಅಮೃತಚಂದ್ರ, ಜಯಸೇನರ ಸಂಸ್ಕೃತ ಟೀಕೆಗಳ ಜೊತೆಗೆ ಬಾಲಚಂದ್ರನ ಕನ್ನಡ ಟೀಕೆಗೂ ಸಮಾನ ಸ್ಥಾನ ದೊರೆತಿದೆ. 1937ರಲ್ಲಿ ಜೋಇಂದುವಿನ ಪರಮಾತ್ಮಪ್ರಕಾಶ ಹೊರಬಂತು. ಅದು ಅಪಭ್ರಂಶ ಕೃತಿ. ಅದರ ಪಾಠನಿರ್ಣಯಕ್ಕೂ ಕನ್ನಡ ಟೀಕೆಗಳನ್ನು ಅವರು ಸಾಕ್ಷಿಗೆ ಕರೆದರು.

ಆದರೆ ಅವರ ವಿಧಾನವನ್ನು ತಿಳಿಯಬಯಸುವ ವಿದ್ಯಾರ್ಥಿಗೆ ನಾನು ಓದಹೇಳುವುದು 1938ರ ವರಾಂಗಚರಿತೆಯ ಪ್ರಸ್ತಾವನೆಯನ್ನು. ಅದು ಸಂಸ್ಕೃತ ಕಾವ್ಯ. ಎಂಟನೆಯ ಶತಮಾನದ ಜಿನಸೇನ ತನ್ನ ಹರಿವಂಶದಲ್ಲಿ ರವಿಷೇಣನ ಪದ್ಮಚರಿತೆಯನ್ನು ಹೊಗಳಿ, ಮುಂದಿನ ಪದ್ಯದಲ್ಲಿ ಕರ್ತೃವಿನ ಹೆಸರು ಹೇಳದೆ ವರಾಂಗಚರಿತೆಯನ್ನು ಹೊಗಳಿದ್ದ. ಎರಡು ಪದ್ಯಗಳು ಅಕ್ಕಪಕ್ಕದಲ್ಲಿದ್ದುದರಿಂದ ಎರಡೂ ಕಾವ್ಯಗಳು ರವಿಷೇಣನವೇ ಎಂದು ವಿದ್ವಾಂಸರು ಭಾವಿಸಿದ್ದರು. ಕಾವ್ಯವೇ ಕಣ್ಣಿಗೆ ಬಿದ್ದಿರದ ಕಾರಣ ಆ ಊಹೆಯನ್ನು ಪರೀಕ್ಷಿಸುವ ಮಾರ್ಗವೂ ಇರಲಿಲ್ಲ. ಉಪಾಧ್ಯೆಯವರು ಓಲೆಗರಿಗಳಿಂದ ಕಾವ್ಯವನ್ನು ಹೊರತೆಗೆದರು. ಕರ್ತೃವಿನ ನಿರ್ಣಯಕ್ಕೆ ಅವರು ಸಾಕ್ಷಿಗಳನ್ನು ಒಂದೊಂದಾಗಿ ಜೋಡಿಸಿದ ಬಗೆ ನ್ಯಾಯಾಲಯದ ವಿಚಾರಣೆಯಂತಿದೆ. ರಾಜಸ್ಥಾನದ ಜಾಲೋರಿನಲ್ಲಿ 779ರಲ್ಲಿ ರಚಿತವಾದ ಪ್ರಾಕೃತದ ಕುವಲಯಮಾಲೆ ವರಾಂಗ ಮತ್ತು ಪದ್ಮಚರಿತೆಗಳನ್ನು ಒಟ್ಟಿಗೆ ಹೆಸರಿಸಿ, ಅವುಗಳ ಕರ್ತೃಗಳಾಗಿ ಜಟಿಲ, ರವಿಷೇಣ ಎಂಬಿಬ್ಬರನ್ನು ಹೇಳುತ್ತದೆ. ಪಂಪ ಆದಿಪುರಾಣದಲ್ಲಿ ಜಟಾಚಾರ್ಯನನ್ನು ಸ್ಮರಿಸಿದ್ದಾನೆ. 978ರ ಚಾವುಂಡರಾಯ ಪುರಾಣದಲ್ಲಿ ಜಟಾಸಿಂಹನಂದಿಯ ಹೆಸರು ಹೇಳಿಯೇ ಒಂದು ವೃತ್ತವನ್ನು ಎತ್ತಿಕೊಳ್ಳಲಾಗಿದೆ. ಆ ವೃತ್ತ ಓಲೆಗರಿಯ ವರಾಂಗಚರಿತೆಯಲ್ಲಿದೆ! ಇನ್ನು ಕೊನೆಯ ಸಾಕ್ಷಿ ಕಲ್ಲು. ಕೊಪ್ಪಳದ ಬೆಟ್ಟದ ಮೇಲೆ ಕೊರೆದ ಪಾದಗಳ ಬಳಿ ಇರುವ ಕನ್ನಡ ಶಾಸನ ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಅವನ್ನು ಮಾಡಿಸಿದವನು ಚಾವಯ್ಯನೆಂದೂ ತಿಳಿಸುತ್ತದೆ. ಆ ಆಚಾರ್ಯನೇ ಈ ಕವಿಯಾಗಿರಬೇಕೆಂದು ಅವರು ಸೂಚಿಸಿದರು.

ಕಾವ್ಯ ಸಂಸ್ಕೃತದ್ದು, ಮೊದಲ ಸಾಕ್ಷಿ ಪ್ರಾಕೃತದ್ದು, ಉಳಿದವು ಕನ್ನಡದವು. ಕೊಪ್ಪಳ ಅಂದು ನಿಜಾಮರ ಸೀಮೆಯಲ್ಲಿತ್ತು, ಸಂಪಾದಕ ಕೊಲ್ಲಾಪುರ ಸಂಸ್ಥಾನದಲ್ಲಿದ್ದ, ಗ್ರಂಥ ಅಚ್ಚಾದದ್ದು ಮುಂಬಯಿಯ ಮಾಣಿಕಚಂದ್ರ ಗ್ರಂಥಮಾಲೆಯಲ್ಲಿ. ಆ ಮಾಲೆಯನ್ನು ನಡೆಸುತ್ತಿದ್ದ ನಾಥೂರಾಮ ಪ್ರೇಮಿಯವರೂ ಮಧ್ಯಪ್ರಾಂತದಿಂದ ಉದ್ಯೋಗಕ್ಕಾಗಿ ಮುಂಬಯಿಗೆ ಬಂದು ಗಿರಗಾಂವದ ಹೀರಾಬಾಗಿನಲ್ಲಿ ನೆಲೆಯೂರಿದವರು. ಇಬ್ಬರ ಸ್ನೇಹ ಕಡೆಯವರೆಗೂ ಉಳಿಯಿತು. ಇಂದು ಹೀರಾಬಾಗಿನ ಮುಂದೆ ಹಾದುಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಆ ಕಟ್ಟಡಕ್ಕೂ ಕೊಪ್ಪಳದ ಬೆಟ್ಟಕ್ಕೂ ಇರುವ ನಂಟು ತಿಳಿದಿರುವುದಿಲ್ಲ. ನನಗೂ ಬಹುಕಾಲ ತಿಳಿದಿರಲಿಲ್ಲ.

ಈ ಹೊತ್ತಿಗೆ ಇನ್ನೊಂದು ಮಹಾಕಾರ್ಯ ಆರಂಭವಾಗಿತ್ತು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳಿಂದ ದರ್ಶನಕ್ಕಷ್ಟೇ ಸಿಗುತ್ತಿದ್ದ, ಕನ್ನಡ ಲಿಪಿಯ ಓಲೆಗರಿಗಳಲ್ಲಿದ್ದ ಷಟ್‌ಖಂಡಾಗಮ ಮತ್ತು ಅದರ ಧವಲಾ ಟೀಕೆಯನ್ನು ಅಮರಾವತಿಯಲ್ಲಿದ್ದ ಹೀರಾಲಾಲ ಜೈನರು 1939ರಿಂದ ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿದರು. ಉಪಾಧ್ಯೆಯವರು ಅದರ ಸಂಪಾದನೆಗೆ ನೆರವಾದರು. ಹದಿನಾರು ಸಂಪುಟಗಳು ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಹೀರಾಲಾಲರೊಡನೆ ಅವರು ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯ ಪ್ರಧಾನ ಸಂಪಾದಕರಾಗಿ ತಿಲೋಯಪಣ್ಣತ್ತಿಯನ್ನು 1943 ಮತ್ತು 1951ರಲ್ಲಿ ಎರಡು ಭಾಗಗಳಾಗಿ ತಂದರು. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಯ ಹೊಣೆಯನ್ನೂ ಇಬ್ಬರೂ ಹೊತ್ತರು. ಕೇರಳದ ಪ್ರಾಕೃತ ಕೃತಿಗಳಾದ ಕಂಸವಹೋ, ಚಂದ್ರಲೇಖಾ ಕೂಡ ಇದೇ ಅವಧಿಯಲ್ಲಿ ಕೊಲ್ಲಾಪುರದಲ್ಲಿಯೇ ಸಿದ್ಧಗೊಂಡವು. ನಿತ್ಯದ ಪಾಠ ಮತ್ತು ಪರೀಕ್ಷೆಗಳ ನಡುವೆ ಇಷ್ಟು ಕೆಲಸ ಹೇಗೆ ಸಾಧ್ಯವಾಯಿತೆಂದು ಅಧ್ಯಾಪಕ ವೃತ್ತಿಯವರಾದ ನಾವು ಸ್ವಲ್ಪ ಸಂಕೋಚದಿಂದಲೇ ಕೇಳಿಕೊಳ್ಳಬೇಕಾಗಿದೆ.

1943ರಲ್ಲಿ ಸಿಂಘಿ ಜೈನ ಗ್ರಂಥಮಾಲೆಯಲ್ಲಿ ಬಂದ ಹರಿಷೇಣನ ಬೃಹತ್ಕಥಾಕೋಶವಂತೂ ಕನ್ನಡ ವಿದ್ಯಾರ್ಥಿ ಬಿಡಲಾಗದ ಗ್ರಂಥ. ಹತ್ತನೆಯ ಶತಮಾನದ, 157 ಕಥೆಗಳ ಈ ಸಂಸ್ಕೃತ ಕೋಶಕ್ಕೆ ಅವರು ಬರೆದ ಪ್ರಸ್ತಾವನೆ ಆರಾಧನಾ ಕಥೆಗಳ ಇಡೀ ಪರಂಪರೆಯನ್ನು ಬಿಡಿಸಿಟ್ಟಿತು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಒಂಟಿಯಾಗಿ ಹುಟ್ಟಿದವಲ್ಲ, ಪ್ರಾಕೃತದ ಭಗವತೀ ಆರಾಧನೆಯ ಗಾಹೆಗಳನ್ನು ಆಶ್ರಯಿಸಿ ಬೆಳೆದ ಕಥಾಸಂಪ್ರದಾಯಕ್ಕೆ ಸೇರಿದವು ಎಂಬುದು ಅಲ್ಲಿ ಖಚಿತವಾಯಿತು. ಡಿ.ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆಯ ಪರಿಷ್ಕರಣ 1949ರಲ್ಲಿ ಪ್ರಕಟವಾಯಿತೆಂಬುದನ್ನು ನೆನೆದರೆ ಈ ಚರ್ಚೆಯ ಬೆಲೆ ತಿಳಿದೀತು. ವಡ್ಡಾರಾಧನೆಯ ಕರ್ತೃ ಶಿವಕೋಟಿಯೋ ಭ್ರಾಜಿಷ್ಣುವೋ ಎಂಬ ವಾದದಲ್ಲಿ ಮುಖ್ಯ ಆಧಾರವಾದ ಪುಣ್ಯಾಸ್ರವ ಕಥಾಕೋಶವೂ ಉಪಾಧ್ಯೆ ಮತ್ತು ಅವರ ಸಂಗಡಿಗರ ಸಂಪಾದನೆಯಲ್ಲಿಯೇ 1964ರಲ್ಲಿ ಸೊಲ್ಲಾಪುರದಿಂದ ಹೊರಬಂತು.

ವರಾಂಗಚರಿತೆಯ ಕಾಲಕ್ಕೆ ಸಾಕ್ಷಿಯಾಗಿ ಒದಗಿದ ಕುವಲಯಮಾಲೆಯ ಋಣವನ್ನೂ ಅವರು ತೀರಿಸಿದರು. ಉದ್ದ್ಯೋತನಸೂರಿಯ ಆ ಕೃತಿಯ ಮೂಲಪಾಠವನ್ನು 1959ರಲ್ಲಿ, ಪ್ರಸ್ತಾವನೆ ಟಿಪ್ಪಣಿಗಳ ಭಾಗವನ್ನು 1970ರಲ್ಲಿ ಪ್ರಕಟಿಸಿದರು. ಅದರಲ್ಲೊಂದು ಪೇಟೆಯ ವರ್ಣನೆ ಪ್ರಸಿದ್ಧವಾಗಿದೆ. ದಕ್ಷಿಣದ ವಿಜಯಪುರಿಗೆ ಬಂದ ರಾಜಕುಮಾರ ಅಲ್ಲಿನ ಅಂಗಡಿಬೀದಿಯಲ್ಲಿ ನಾನಾ ದೇಶಗಳಿಂದ ಬಂದ ವಣಿಕರನ್ನು ಕಾಣುತ್ತಾನೆ. ಗುರ್ಜರ, ಲಾಟ, ಮಾಲವ, ಮರಹಟ್ಟ, ಆಂಧ್ರರ ನಡುವೆ ಕರ್ಣಾಟಕದವರೂ ಇದ್ದಾರೆ. ಒಬ್ಬೊಬ್ಬರ ರೂಪ, ಸ್ವಭಾವ ಮತ್ತು ಅವರವರ ನುಡಿಯ ಒಂದೆರಡು ತುಣುಕುಗಳನ್ನು ಕವಿ ದಾಖಲಿಸಿದ್ದಾನೆ. ಹದಿನೆಂಟು ದೇಶಭಾಷೆಗಳ ಪ್ರಸ್ತಾಪ ಅಲ್ಲಿದೆ. ದುಡಿಮೆಗಾಗಿ ಪರಸ್ಥಳಕ್ಕೆ ಬಂದು ಸಂತೆಯ ಗದ್ದಲದಲ್ಲಿ ತನ್ನ ಮಾತನ್ನೇ ಆಡುತ್ತಿರುವ ಕನ್ನಡಿಗನ ಇಷ್ಟು ಹಳೆಯ ಚಿತ್ರ ಬೇರೆ ಯಾವುದೂ ನನ್ನ ಓದಿಗೆ ಬಂದಿಲ್ಲ. ಅದನ್ನು ಪಾಠಶುದ್ಧವಾಗಿ ನಮ್ಮ ಕೈಗಿತ್ತವನು ಕೊಲ್ಲಾಪುರದ ಪೇಟೆಯಲ್ಲಿ ಮೂವತ್ತು ವರ್ಷ ಓಡಾಡಿದ ಕನ್ನಡಿಗ.

ಇಷ್ಟರಲ್ಲಿ ನಾಡಿನ ನಕ್ಷೆ ಬದಲಾಗಿತ್ತು. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಸದಲಗಾ ಮೈಸೂರು ರಾಜ್ಯಕ್ಕೆ ಸೇರಿತು, ಕೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಹುಟ್ಟಿದೂರು, ಉದ್ಯೋಗದೂರುಗಳ ನಡುವೆ ರಾಜ್ಯದ ಗಡಿ ಬಂತು. ಆ ದಿನಗಳಲ್ಲಿ ಎರಡೂ ಕಡೆ ಎಷ್ಟು ಕಾವೇರಿತ್ತೆಂಬುದು ಹಿರಿಯರಿಗೆ ತಿಳಿದದ್ದೇ. ಉಪಾಧ್ಯೆಯವರು ಮನೆ ಬದಲಿಸಲಿಲ್ಲ. 1962ರಲ್ಲಿ ರಾಜಾರಾಮ ಕಾಲೇಜಿನಿಂದ ನಿವೃತ್ತರಾದ ಮೇಲೂ ಕೊಲ್ಲಾಪುರವೇ ಅವರ ನೆಲೆಯಾಗಿತ್ತು. 1966ರಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಅಲಿಗಢ ಅಧಿವೇಶನಕ್ಕೆ ಅಧ್ಯಕ್ಷರಾದರು. ಮರುವರ್ಷ ಶ್ರವಣಬೆಳಗೊಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಪೀಠವನ್ನೇರಿದರು.

ಅವರ ಬಗ್ಗೆ ಒಂದು ಆಕ್ಷೇಪ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಅವರ ಮುಖ್ಯ ಬರಹವೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಅವರು ಬರೆದದ್ದು ಅದರ ಮುಂದೆ ಅತ್ಯಲ್ಪ. ಸಮ್ಮೇಳನಾಧ್ಯಕ್ಷರಾದವರು ಕನ್ನಡಕ್ಕೆ ಕೊಟ್ಟ ಪುಸ್ತಕ ಯಾವುದು ಎಂದು ನನ್ನ ತರಗತಿಯಲ್ಲಿಯೇ ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ನನಗೂ ಈ ಕೊರತೆ ನಷ್ಟವೆಂದೇ ತೋರುತ್ತದೆ. ವಡ್ಡಾರಾಧನೆಯನ್ನು ಕುರಿತ ಆ ಪುಟಗಳನ್ನು ಅವರೇ ಕನ್ನಡದಲ್ಲಿ ವಿಸ್ತರಿಸಿ ಬರೆದಿದ್ದರೆ ನಮ್ಮ ಎಂ.ಎ. ವಿದ್ಯಾರ್ಥಿಗಳು ಆ ಚರ್ಚೆಯನ್ನು ಬೇರೆಯವರ ಸಾರಾಂಶಗಳಿಂದ ತಿಳಿಯಬೇಕಾಗುತ್ತಿರಲಿಲ್ಲ. ಆದರೆ ಅವರ ಓದುಗರು ಯಾರಾಗಿದ್ದರು? ಜೈನ ಪ್ರಾಕೃತವನ್ನು ಪರೀಕ್ಷಿಸಬಲ್ಲ ವಿದ್ವಾಂಸರು ಅಂದು ಗುಜರಾತು, ಬಂಗಾಳ, ಜರ್ಮನಿಗಳಲ್ಲಿ ಚದುರಿದ್ದರು. ಕನ್ನಡದ ಸಾಕ್ಷ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜೈನ ಸಾಹಿತ್ಯದ ಚರಿತ್ರೆ ಬರೆಯಲಾಗದೆಂದು ಆ ಓದುಗರಿಗೆ ಒಪ್ಪಿಸುವುದು ಅವರು ಕೈಗೊಂಡ ಕೆಲಸ. ಕನ್ನಡದಲ್ಲಿ ಬರೆದಿದ್ದರೆ ಆ ಮಾತು ತಲುಪಬೇಕಾದವರಿಗೆ ತಲುಪುತ್ತಿರಲಿಲ್ಲ. ಲಾಭನಷ್ಟಗಳ ಈ ತಕ್ಕಡಿಯಲ್ಲಿ ಲಾಭದ ತಟ್ಟೆಯೇ ತೂಗುತ್ತದೆಂದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರು.

ಅರವತ್ತೈದರ ವಯಸ್ಸಿನಲ್ಲಿ ಅವರು ಮತ್ತೊಮ್ಮೆ ಉದ್ಯೋಗಕ್ಕಾಗಿ ಊರು ಬದಲಿಸಿದರು. 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರನ್ನು ಜೈನಶಾಸ್ತ್ರ ಮತ್ತು ಪ್ರಾಕೃತ ಪೀಠಕ್ಕೆ ಪ್ರಾಧ್ಯಾಪಕರಾಗಿ ಬರಮಾಡಿಕೊಂಡಿತು. ಕನ್ನಡನಾಡಿನೊಳಗಿನ ಅವರ ಪ್ರಾಧ್ಯಾಪಕ ವೃತ್ತಿ ಈ ನಾಲ್ಕು ವರ್ಷಗಳದು. 1975ರ ಅಕ್ಟೋಬರ್ 8ರಂದು ಕೊಲ್ಲಾಪುರದಲ್ಲಿ ತೀರಿಕೊಂಡರು. ಚದುರಿದ್ದ ಅವರ ಲೇಖನಗಳನ್ನು ಮೈಸೂರು ವಿಶ್ವವಿದ್ಯಾನಿಲಯ 1983ರಲ್ಲಿ ಉಪಾಧ್ಯೆ ಪೇಪರ್ಸ್ ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿ ಪ್ರಕಟಿಸಿತು.

ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡು ಆಮೇಲೆ ಹೇಳಹೆಸರಿಲ್ಲದೆ ಅಳಿದುಹೋದ ಯಾಪನೀಯ ಸಂಘವನ್ನು ಕುರಿತು ಅವರು ಮೊದಲ ಲೇಖನ ಬರೆದದ್ದು 1933ರಲ್ಲಿ, ಕೊಲ್ಲಾಪುರಕ್ಕೆ ಬಂದ ಮೂರನೆಯ ವರ್ಷ. ಮೈಸೂರಿನ ಕೊನೆಯ ವರ್ಷಗಳಲ್ಲಿ, ನಡುವೆ ದೊರೆತ ಹೊಸ ಶಾಸನಗಳನ್ನೆಲ್ಲ ಸೇರಿಸಿಕೊಂಡು, ಅದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡು ಬರೆದರು.